ಮೂವತ್ತೊಂದು ಗುಣದ ಮಧುಮಾಲತಿ

ಪ್ರಭಂಜನ ಕಾಕಾ ನವಲಗುಂದದ ಬಸ್ ನಿಲ್ದಾಣದಲ್ಲಿ ಮೂವತ್ತಮೂರು ವರ್ಷ ಕಂಟ್ರೋಲರ್ ಆಗಿದ್ದರು. ಯಾವ ಗಾಡಿ ಎಲ್ಲಿ ನಿಲ್ಲಬೇಕು, ಎಷ್ಟು ಗಂಟೆಗೆ ಬಿಡಬೇಕು ಎಂಬುದು ಅವರ ಬಾಯಿಂದಲೇ ಬರಬೇಕು. ಅವರು ಸೀಟಿ ಊದಿದರೆ ಹುಬ್ಬಳ್ಳಿ ಗಾಡಿ ಹೊರಡುತ್ತಿತ್ತು. ಊದದಿದ್ದರೆ ಮದುವೆಗೆ ಹೊರಟ ಬೀಗರೂ ಬೆವರು ಒರೆಸಿಕೊಳ್ಳುತ್ತ ಕೂತೇ ಇರಬೇಕು. ಇಷ್ಟು ವರ್ಷ ಹೀಗೆ ನಡೆದ ಮೇಲೆ ಯಾವ ಮನುಷ್ಯನಿಗಾದರೂ ಭೂಮಿ ತಿರುಗುವುದೂ ತನ್ನ ಸೀಟಿಯಿಂದಲೇ ಎನಿಸತೊಡಗುತ್ತದೆ. ಹೀಗಾಗಿ ನಿವೃತ್ತಿಯಾದ ಮರುದಿನ, ಬೆಳಗಿನ ಆರು ಗಂಟೆಯ ಗಾಡಿ ಆರಕ್ಕೇ ಹೋಯಿತು ಎಂಬ ಸುದ್ದಿ ಕೇಳಿ ಅವರಿಗೆ ಉಪ್ಪಿಟ್ಟು ಗಂಟಲಲ್ಲಿ ಇಳಿಯಲಿಲ್ಲ.

ಮುಂದೆ ಐದು ತಿಂಗಳು ಅಡಿಗೆಮನೆಯನ್ನೇ ನಿಲ್ದಾಣ ಮಾಡಿಕೊಂಡರು.

“ಚಹಾ ನಾಕೂ ಹತ್ತಕ್ಕ ಬರಬೇಕಿತ್ತು. ಈಗ ನಾಕೂ ಹದಿನೆಂಟು,” ಎಂದು ಕಟ್ಟೆಯ ಮೇಲಿಂದ ಕೂಗುವರು.

“ದಾರ್ಯಾಗ ಪಂಚರ್ ಆಗಿತ್ತ್ರಿ,” ಎಂದು ಹೆಂಡತಿ ತುಳಸಾಬಾಯಿ ಒಲೆಯ ಮುಂದಿನಿಂದಲೇ ಹೇಳುವರು.

ಕೆಲಸವಿಲ್ಲದ ಬಡಗಿ ಮಗುವಿನ ಅಂಡು ಕೆತ್ತಿದ ಎನ್ನುವ ಮಾತು ಸುಳ್ಳಲ್ಲ. ಒಂದು ದಿನ ಕಾಕಾ ನಿಲ್ದಾಣದ ಪೇಪರ್ ಅಂಗಡಿಯಿಂದ ಎರಡು ಪುಸ್ತಕ ತಂದರು. ಒಂದು, ಮದುವೆಗೆ ಜಾತಕ ಕೂಡಿಸುವುದನ್ನು ಕಲಿಸುವುದು. ಇನ್ನೊಂದು, ಮನೆಯ ಹಿತ್ತಲಲ್ಲಿ ಸಣ್ಣ ಗಿಡಗಳಿಗೆ ಹೂಬಳ್ಳಿ ಹಬ್ಬಿಸುವುದನ್ನು ಕಲಿಸುವುದು. ಬೇರೆ ಬೇರೆ ವಾರ ಓದಿದ್ದರೆ ಊರು ಸುಖವಾಗಿರುತ್ತಿತ್ತು. ಎರಡನ್ನೂ ಒಂದೇ ಮಧ್ಯಾಹ್ನ, ಒಂದೇ ಚಾಳೀಸಿನಲ್ಲಿ ಓದಿಬಿಟ್ಟರು. ಸಂಜೆಯ ಹೊತ್ತಿಗೆ ಅವರಿಗೆ ಜ್ಞಾನೋದಯವಾಗಿತ್ತು. ಬಳ್ಳಿ ಹೆಣ್ಣು, ಗಿಡ ಗಂಡು ಎಂದು ಹಿರಿಯರು ಹಾಡಿಕೊಂಡೇ ಬಂದಿದ್ದಾರೆ. ಆದರೆ ಒಬ್ಬರಾದರೂ ಜಾತಕ ನೋಡಿದ್ದಾರೆಯೇ? ಇಲ್ಲ. ಕಂಡ ಕಂಡ ಗಿಡಕ್ಕೆ ಕಂಡ ಕಂಡ ಬಳ್ಳಿ ಹಬ್ಬಿಸಿದ್ದಾರೆ. ಊರಲ್ಲಿ ಹಿತ್ತಲುಗಳು ಒಣಗುವುದಕ್ಕೆ ಇದೇ ಕಾರಣ, ನೀರಿನ ಕೊರತೆಯಲ್ಲ.

ಗಿಡದ ಜನನಕಾಲ ಯಾವುದು ಎಂಬುದು ಮೊದಲನೆಯ ತೊಡಕು. ಕಾಕಾ ಎರಡು ದಿನ ಕೂತು ಬಗೆಹರಿಸಿದರು. ನರ್ಸರಿಯಿಂದ ತಂದ ಸಸಿಯ ಕಪ್ಪು ಪ್ಲಾಸ್ಟಿಕ್ ಚೀಲವನ್ನು ಹರಿದ ಗಳಿಗೆಯೇ ಜನನ. ಚೀಲದೊಳಗಿದ್ದದ್ದು ಗರ್ಭವಾಸ. ಎರೆಮಣ್ಣಿನಲ್ಲಿ ಬೆಳೆದದ್ದು ಒಂದು ಗೋತ್ರ, ಮಸಾರಿ ಮಣ್ಣಿನದು ಇನ್ನೊಂದು. ಇಷ್ಟಾದ ಮೇಲೆ ನಕ್ಷತ್ರ, ಗಣ, ನಾಡಿ ಎಲ್ಲ ಪಂಚಾಂಗದಲ್ಲಿ ಇದ್ದೇ ಇದೆ. ಮೂವತ್ತಾರರಲ್ಲಿ ಹದಿನೆಂಟು ಗುಣ ಕೂಡಿದರೆ ಲಗ್ನ. ಕೂಡದಿದ್ದರೆ ಬಳ್ಳಿಗೆ ಬೇರೆ ವರ ನೋಡಬೇಕು.

ಓಣಿಯ ಮಂದಿ ಒಂದು ತಿಂಗಳು ನಕ್ಕರು. ಆಮೇಲೆ ಒಬ್ಬರ ಹಿಂದೆ ಒಬ್ಬರು ಬರತೊಡಗಿದರು. ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎನ್ನುವ ಮಂದಿ ಎಲ್ಲ ಕಾಲಕ್ಕೂ ಇರುತ್ತಾರೆ; ಈಗ ಅವರ ಕೈಯಲ್ಲಿ ಮೊಬೈಲೂ ಇದೆ. ‘ಲತಾ–ವೃಕ್ಷ ವಧೂವರ ಕೇಂದ್ರ, ನವಲಗುಂದ’ ಎಂಬ ವಾಟ್ಸಾಪ್ ಗುಂಪು ಹುಟ್ಟಿತು. ಅರವತ್ತನಾಲ್ಕು ಸದಸ್ಯರು. ಮುಂಜಾನೆಯಾದರೆ ಸೀತಾಫಲದ ಫೋಟೋ, ಅದರ ಕೆಳಗೆ “ವರ, ನಾಲ್ಕು ವರ್ಷ, ಸ್ವಂತ ಬಾವಿ ಇದೆ” ಎಂದು ಬರಹ. ಹೆಣ್ಣುಮಕ್ಕಳ ಹೈಸ್ಕೂಲಿನ ಶಿಕ್ಷಕಿ ಮೃಣಾಲಿನಿ ತಮ್ಮ ಲಿಂಬೆ ಗಿಡಕ್ಕೆ ಶಂಖಪುಷ್ಪದ ಬಳ್ಳಿ ಹಚ್ಚಬಹುದೇ ಎಂದು ಕೇಳಿದರು. ಕಾಕಾ ಗುಣಿಸಿ ಮುಖ ಹುಳ್ಳಗೆ ಮಾಡಿದರು.

“ಹದಿನೆಂಟೂವರೆ. ಅಗದಿ ಗಡಿ ಮ್ಯಾಲ ಪಾಸ್ ಆಗ್ಯಾವ ಟೀಚರ್. ಬಾಳುವೆ ಕಷ್ಟ ಅದ. ನಿಮ್ಮ ಹಣೇಬರಹ.”

ಆ ಶಂಖಪುಷ್ಪ ಲಿಂಬೆಯ ಮೇಲೆ ಹಗುರಾಗಿ ಹತ್ತಿ, ಮಳೆಗಾಲವಿಡೀ ನೀಲಿ ಹೂ ಬಿಟ್ಟು, ಚಳಿಗಾಲ ಕಳೆಯುತ್ತಲೇ ಒಣಗಿ ತಾನಾಗಿ ಜಾಗ ಖಾಲಿ ಮಾಡಿತು. ಲಿಂಬೆಯೂ ಕಾಯಿ ಬಿಟ್ಟಿತು. ಇದು ಕಾಕಾರ ಲೆಕ್ಕಕ್ಕೆ ಹೊಂದಲಿಲ್ಲ. ಹೊಂದದ್ದನ್ನು ಅವರು ಅಪವಾದ ಎಂದು ಕರೆದು ಪಕ್ಕಕ್ಕಿಟ್ಟರು.

ಅದಕ್ಕಿಂತ ದೊಡ್ಡ ಅಪವಾದ ಅವರ ಹಿತ್ತಲ ಗೋಡೆಯ ಆಚೆಗೇ ಇತ್ತು. ಅದು ಜುಲೇಖಾಬಿಯ ಹಿತ್ತಲು. ಜುಲೇಖಾಬಿ ಜಮಖಾನ ನೇಯುವವಳು. ಹತ್ತು ವರ್ಷದವಳಿದ್ದಾಗ ತಾಯಿಯ ಪಕ್ಕ ಮಗ್ಗದ ಮುಂದೆ ಕೂತವಳು, ಅರವತ್ತು ದಾಟಿದರೂ ಎದ್ದಿಲ್ಲ. ಅವಳ ಕರಿಬೇವಿನ ಗಿಡದ ಮೇಲೆ ಜಾಜಿ ಬಳ್ಳಿ ಎಂಟು ವರ್ಷದಿಂದ ಹಬ್ಬಿತ್ತು. ಕಾಕಾ ಗೋಡೆಯ ಮೇಲಿಂದ ಬಗ್ಗಿ, ನೆಟ್ಟ ದಿನ ಕೇಳಿ, ಗುಣಿಸಿ, ಬೆಚ್ಚಿಬಿದ್ದಿದ್ದರು. ಒಂಬತ್ತು ಗುಣ!

“ಜುಲೇಖಾ, ಈ ಲಗ್ನ ಮೂರು ತಿಂಗಳ ಮ್ಯಾಲ ಬಾಳೂದಿಲ್ಲ, ಬರದಿಟ್ಟುಕೋ.”

“ಎಂಟ ವರ್ಷ ಆತ್ರಿ ಕಾಕಾರ.”

“ಅದs ಅಂತೀನಿ. ಇನ್ನ ಮೂರು ತಿಂಗಳು.”

ಹೀಗೆ ಕಾಕಾ ಆ ಜಾಜಿಗೆ ನಾಲ್ಕೈದು ಸಲ ಮೂರು ಮೂರು ತಿಂಗಳ ವಾಯಿದೆ ಕೊಟ್ಟರು. ಅದು ಪ್ರತಿ ಸಂಜೆ ಘಮ್ಮೆಂದು ಅವರ ಮೂಗಿಗೇ ಬಂದು ಉತ್ತರ ಹೇಳುತ್ತಿತ್ತು.

ಈಗ ಪಾರಿಜಾತದ ವಿಷಯ. ಕಾಕಾರ ಹಿತ್ತಲಲ್ಲಿ ಒಂದು ಪಾರಿಜಾತ ಇತ್ತು. ತುಳಸಾಬಾಯಿ ಕೈಯಾರೆ ನೆಟ್ಟು, ಪಾತ್ರೆ ತೊಳೆದ ನೀರು ಹೊಯ್ದು, ಮಾಳಿಗೆಯ ಅಂಚಿನ ಎತ್ತರಕ್ಕೆ ತಂದದ್ದು. ತುಳಸಾಬಾಯಿಗೆ ಜೀವನದಲ್ಲಿ ಸ್ವಂತದ್ದು ಎಂದು ಬೇಡಿದ್ದು ಬಹಳವಿರಲಿಲ್ಲ. ಒಂದು ಆಸೆ ಮಾತ್ರ ಇತ್ತು: ಲಕ್ಷ ಪಾರಿಜಾತದ ವ್ರತ. ಶ್ರಾವಣದಿಂದ ಕಾರ್ತೀಕದೊಳಗೆ ಒಂದು ಲಕ್ಷ ಹೂ ದೇವರಿಗೆ ಏರಿಸುವುದು. ಕೊಂಡದ್ದಲ್ಲ, ಬೇಡಿ ತಂದದ್ದಲ್ಲ, ಮನೆಯ ಗಿಡದ್ದೇ ಆಗಬೇಕು. ಗಿಡ ಆ ಮಟ್ಟಕ್ಕೆ ಬರಲಿ ಎಂದು ಏಳು ವರ್ಷ ಕಾದಿದ್ದರು.

ಆ ಗಿಡಕ್ಕೇ ಕಾಕಾರ ಕಣ್ಣು ಬಿತ್ತು. ಊರ ಗಿಡಗಳಿಗೆಲ್ಲ ಕನ್ಯೆ ಹುಡುಕಿಕೊಟ್ಟವರ ಮನೆಯಲ್ಲೇ ಬ್ರಹ್ಮಚಾರಿ ನಿಂತಿದ್ದರೆ ಜನ ಏನೆಂದಾರು? ಮಲ್ಲಿಗೆ, ಜಾಜಿ ಎಲ್ಲ ನೋಡಿದರು. ಹದಿನಾರು, ಹನ್ನೆರಡು, ಹದಿಮೂರು. ಕೊನೆಗೆ ಹುಬ್ಬಳ್ಳಿಯ ಒಂದು ನರ್ಸರಿಯಿಂದ ಮಧುಮಾಲತಿ ತಂದು, ಪಂಚಾಂಗ ಮುಂದಿಟ್ಟುಕೊಂಡು ಒಳ್ಳೆಯ ಗಳಿಗೆ ನೋಡಿ ಚೀಲ ಹರಿದರು. ಗುಣಿಸಿದರೆ ಮೂವತ್ತೊಂದು! ಹುಟ್ಟುವ ಗಳಿಗೆಯನ್ನು ತಾವೇ ಆರಿಸಿದ್ದರಿಂದ ಅಷ್ಟು ಕೂಡಿತು ಎಂಬುದು ಅವರಿಗೆ ಹೊಳೆಯಲಿಲ್ಲ.

ಆ ವರ್ಷದ ತುಳಸಿ ಲಗ್ನದ ದಿನವೇ ಇದೂ ಲಗ್ನ. ಬುಡಕ್ಕೆ ಅಂಟಿಸಿಯೇ ಬಳ್ಳಿ ನೆಟ್ಟರು. ದಂಪತಿಗಳನ್ನು ದೂರ ಕೂರಿಸಬಾರದಲ್ಲ. ಅರಿಷಿಣದ ದಾರ ಸುತ್ತಿ, ಮೊಬೈಲಿನಲ್ಲಿ ಸನಾದಿ ಹಚ್ಚಿ, ಓಣಿಗೆಲ್ಲ ಹೋಳಿಗೆ ಹಾಕಿಸಿದರು. ಜುಲೇಖಾಬಿ ಗೋಡೆಯಾಚೆಯಿಂದ ಎಲ್ಲ ನೋಡಿದಳು.

“ಕಾಕಾರ, ಒಂದ ಮಾತ ಹೇಳ್ಲೇನ್ರಿ? ಮಗ್ಗದಾಗ ಮೊದಲ ಹಾಸು ಗಟ್ಟಿ ಇರಬೇಕು. ಹೊಕ್ಕಿನ ನೂಲು ಅದರ ಮ್ಯಾಲ ಬಂದು ಕುಂದ್ರತೈತಿ. ಹಾಸು ಹರೀತಂದ್ರ ಜಮಖಾನ ಅಲ್ಲ, ಚಿಂದಿ. ನಿಮ್ಮ ಪಾರಿಜಾತದ ರೆಟ್ಟಿ ನೋಡ್ರಿ, ಪೆನ್ಸಿಲ್ ಇದ್ದಂಗ ಅದಾವು. ಈ ಬಳ್ಳಿ ನಮ್ಮ ನಾದಿನಿ ಮನ್ಯಾಗ ಐತಿ, ಹಂಚ ಎತ್ತಿ ಒಗದೈತಿ.”

“ನಿಂದು ಒಂಬತ್ತು ಗುಣದ ಬುದ್ಧಿ. ನೀ ಸುಮ್ಮನ ನೇಯ್ಕೋ.”

“ನಾ ಜಾಜಿ ಹಚ್ಚಿದ್ದು ಎರಡ ಮಾರು ದೂರ್ರಿ. ನೂಲ ಕಟ್ಟಿ ಗಿಡದ ಮ್ಯಾಲ ಕಳಿಸೀನಿ. ವರ್ಷಕ್ಕೊಮ್ಮೆ ಕತ್ತರಿ ಆಡಿಸ್ತೀನಿ.”

“ಕತ್ತರಿ!” ಕಾಕಾ ಕಿವಿ ಮುಚ್ಚಿಕೊಂಡರು. “ಮದಿವ್ಯಾದ ಹೆಣ್ಣಿನ ಮೈಮ್ಯಾಲ ಕತ್ತರಿ!”

ಹಾಗಾಗಿ ಮೊದಲನೆಯ ವರ್ಷ ಮದುಮಗಳು ಎಂದು ಮಧುಮಾಲತಿಗೆ ಕತ್ತರಿ ಮುಟ್ಟಿಸಲಿಲ್ಲ. ಹಿಂಡಿ ಹಾಕಿದರು, ಗೊಬ್ಬರ ಹಾಕಿದರು, ಹೊಸ ಸೊಸೆಗೆ ಮಾಡುವಷ್ಟು ಉಪಚಾರ ಮಾಡಿದರು. ಒಂದೇ ಮಳೆಗಾಲಕ್ಕೆ ಬಳ್ಳಿ ಗಿಡದ ನೆತ್ತಿ ಮುಟ್ಟಿತು. ಎರಡನೆಯ ವರ್ಷ ಗೊಂಚಲು ಗೊಂಚಲು ಹೂ ಬಿಟ್ಟಿತು. ಸಂಜೆ ಬಿಳಿ, ಮರುದಿನ ಗುಲಾಬಿ, ಅದರ ಮರುದಿನ ಕೆಂಪು. “ಸೊಸಿ ದಿನಕ್ಕೊಂದು ಸೀರಿ ಉಡತಾಳ ನೋಡ್ರಿ,” ಎಂದು ಕಾಕಾ ಗುಂಪಿಗೆ ಫೋಟೋ ಕಳಿಸಿದರು. ಅರವತ್ತನಾಲ್ಕು ಜನ ಕೈಮುಗಿದ ಚಿತ್ರ ಹಾಕಿದರು. ಹೂ ಬಿಟ್ಟಾಗಿದೆ ಎಂದರೆ ಬಸುರಿ. ಬಸುರಿಗೂ ಕತ್ತರಿ ಕೂಡದು. ಹೀಗೆ ಎರಡನೆಯ ವರ್ಷವೂ ದಾಟಿತು.

ಅದೇ ವರ್ಷ ನಾಗಪಂಚಮಿಯಿಂದ ತುಳಸಾಬಾಯಿ ವ್ರತ ಹಿಡಿದಿದ್ದರು. ರಾತ್ರಿಯೇ ಗಿಡದ ಕೆಳಗೆ ಒಗೆದ ಪಂಚೆ ಹಾಸಿಡುವುದು. ನಸುಕಿನಲ್ಲಿ ಸ್ನಾನ ಮಾಡಿ, ಉದುರಿದ ಹೂ ಆರಿಸಿ ಎಣಿಸುವುದು. ನೂರು ಹೂವಿಗೆ ಒಂದು ಹುಣಸೆಬೀಜ ತಾಮ್ರದ ಗಿಂಡಿಯಲ್ಲಿ. ಸಾವಿರ ಬೀಜ ತುಂಬಿದರೆ ಲಕ್ಷ. ಶ್ರಾವಣದಲ್ಲಿ ದಿನಕ್ಕೆ ಸಾವಿರದ ಮೇಲೆಯೇ ಬೀಳುತ್ತಿತ್ತು. ಪಂಚೆಯ ಮೇಲೆ ಕೇಸರಿ ತೊಟ್ಟಿನ ಬಿಳಿ ಹೂ ಅಕ್ಕಿ ಚೆಲ್ಲಿದಂತೆ. ಚವತಿಗೆ ಏಳು ನೂರಕ್ಕೆ ಇಳಿಯಿತು. ನವರಾತ್ರಿಯಲ್ಲಿ ಎರಡು ನೂರು. ದಸರೆ ಕಳೆಯಿತು, ಗಿಂಡಿಯಲ್ಲಿ ಐದುನೂರ ಹನ್ನೆರಡು ಬೀಜ ಇದ್ದವು. ಒಂದು ದಿನ ನಲವತ್ತು ಹೂ ಬಿದ್ದವು.

“ಏನ್ರಿ, ಗಿಡಕ್ಕ ಬೆಳಕs ಇಲ್ಲ. ಆ ಬಳ್ಳಿ ಸ್ವಲ್ಪ ತಗಿಸಬೇಕು.”

“ಹೊಸದಾಗಿ ಸಂಸಾರ ಹೂಡ್ಯಾರ ತುಳಸಾ. ಮೊದಲಿಗೆ ಸ್ವಲ್ಪ ಎಳದಾಟ ಇರತದ.”

“ಎಳದಾಟ ಅಲ್ಲ, ಉಸರು ಕಟ್ಟಿ ನಿಂತದ.”

“ಒಮ್ಮೆ ಬಿಟ್ಟ ಗಾಡಿ ಹಿಂದಕ ಬರೂದಿಲ್ಲ,” ಎಂದರು ಕಾಕಾ. ಇದು ಅವರ ಹಳೆಯ ಮಾತು. ನಿಲ್ದಾಣದಲ್ಲಿ ತಡವಾಗಿ ಓಡಿಬಂದ ಪ್ರಯಾಣಿಕರಿಗೆಲ್ಲ ಹೇಳುತ್ತಿದ್ದದ್ದು.

ಒಳಗಿನ ಸಂಗತಿ ಬೇರೆ ಇತ್ತು. ಗಿಡ ಸೊರಗಿದ್ದು ಕಾಕಾರಿಗೆ ಕಾಣದೆ ಇರಲಿಲ್ಲ. ಮುಂಜಾನೆ ಹಲ್ಲುಜ್ಜುತ್ತ ಗಿಡದ ಕಡೆ ಬೆನ್ನು ಮಾಡಿ ನಿಲ್ಲುವುದನ್ನು ರೂಢಿ ಮಾಡಿಕೊಂಡಿದ್ದರು. ಆದರೆ ಈ ಸಲದ ತುಳಸಿ ಲಗ್ನಕ್ಕೆ ಗುಂಪಿನ ಇಪ್ಪತ್ತಮೂರು ಜನ ಆದರ್ಶ ದಂಪತಿಗಳ ದರ್ಶನಕ್ಕೆ ಬರುವವರಿದ್ದರು. ಮೃಣಾಲಿನಿ ಟೀಚರ್ ಮುಂದಾಗಿ ಎಲ್ಲ ಹೊಂದಿಸಿದ್ದರು. ಮೂವತ್ತೊಂದು ಗುಣದ ಜೋಡಿಯೇ ಮುರಿಯಿತೆಂದರೆ ಇಪ್ಪತ್ತು, ಇಪ್ಪತ್ತೆರಡರ ಜೋಡಿಗಳ ಗತಿಯೇನು? ಕಾಕಾರ ಗತಿಯೇನು? ಮತ್ತೆ ಚಹಾದ ವೇಳೆ ನೋಡುತ್ತ ಕೂಡಬೇಕು.

ತುಳಸಿ ಲಗ್ನ ಹತ್ತು ದಿನ ಇದೆ ಎನ್ನುವಾಗ ಸ್ವಾತಿ ಮಳೆ ಹೊಡೆಯಿತು. ಮಧ್ಯಾಹ್ನ ಮೂರರ ಹೊತ್ತು, ಗಾಳಿಯೂ ಕೂಡಿತ್ತು. ನೀರು ಕುಡಿದ ಬಳ್ಳಿಯ ಭಾರ, ಮೇಲೆ ಗಾಳಿಯ ಎಳೆತ. ಹಿತ್ತಲಲ್ಲಿ ಲಟಕ್ಕೆಂದು ಸಪ್ಪಳವಾಯಿತು. ಮಳೆ ನಿಂತ ಮೇಲೆ ಹೋಗಿ ನೋಡಿದರೆ ಪಾರಿಜಾತದ ಒಂದು ದೊಡ್ಡ ಟೊಂಗೆ ಸಿಗಿದು ಬುಡದವರೆಗೆ ತೊಗಟೆ ಕಿತ್ತಿತ್ತು. ಉಳಿದದ್ದು ಪಕ್ಕಕ್ಕೆ ವಾಲಿತ್ತು. ಮಧುಮಾಲತಿಗೆ ಒಂದು ಎಲೆಯೂ ಕೊಂಕಿರಲಿಲ್ಲ.

ಮರುದಿನ ಮುಂಜಾನೆ ಪಂಚೆಯ ಮೇಲೆ ಹನ್ನೊಂದು ಹೂ ಇದ್ದವು. ತುಳಸಾಬಾಯಿ ಎರಡು ಸಲ ಎಣಿಸಿದರು. ಎದ್ದು ಒಳಗೆ ಹೋದರು. ಹೊರಗೆ ಬಂದಾಗ ಕೈಯಲ್ಲಿ ಕುಡಗೋಲಿತ್ತು.

ಕಾಕಾ ಹಲ್ಲುಜ್ಜುವುದನ್ನು ಬಿಟ್ಟು ಓಡಿ ಬಂದು ಅಡ್ಡ ನಿಂತರು. ಬಾಯಲ್ಲಿ ಪೇಸ್ಟಿನ ನೊರೆ.

“ಏ, ಏನ ಮಾಡ್ಲಿಕ್ಕೆ ಹತ್ತೀ? ಇಡು ಕೆಳಗ!”

“ಸರಕೋರಿ. ನನ್ನ ಗಿಡಾ ನಾ ಉಳಿಸ್ಕೋತೀನಿ.”

“ಬಸುರಿ ಮ್ಯಾಲ ಕುಡಗೋಲು ಎತ್ತತೀ?”

“ಬಸುರಿ ಅಲ್ಲ, ಬಕಾಸುರಿ ಅಕಿ.”

“ಮೂವತ್ತೊಂದು ಗುಣ ಕೂಡ್ಯಾವ ತುಳಸಾ! ನಮ್ಮ ಜೋಡಿ ಒಂದು ಬಿಟ್ಟರ ಇಡೀ ಓಣ್ಯಾಗ ಇಷ್ಟು ಕೂಡಿದ್ದು ಇನ್ನೊಂದಿಲ್ಲ.”

ತುಳಸಾಬಾಯಿ ಕುಡಗೋಲು ಕೆಳಗಿಳಿಸಿದರು. “ನಮ್ಮವು ಎಷ್ಟು ಕೂಡಿದ್ವು?”

“ನಿನಗ ಗೊತ್ತಿಲ್ಲೇನು? ಮೂವತ್ತೆರಡು!” ಕಾಕಾರ ಎದೆ ಉಬ್ಬಿತು. ಈ ಲೆಕ್ಕವನ್ನು ಅವರು ಯಾವ ಮದುವೆಯ ಪಂಕ್ತಿಯಲ್ಲೂ ಹೇಳದೆ ಎದ್ದವರಲ್ಲ. “ಅಣ್ಣಿಗೇರಿ ಜೋಯಿಸರ ಕೈಬರಹದ ಜಾತಕ. ನಮ್ಮಪ್ಪ ನೋಡಿ, ಇನ್ನ ಹೆಣ್ಣು ನೋಡೂ ಕಾರಣs ಇಲ್ಲ ಅಂದಿದ್ರು.”

“ಆ ಜಾತಕ ನಂದಲ್ಲರಿ.”

ಗೋಡೆಯಾಚೆ ಜುಲೇಖಾಬಿ ನೂಲು ಕೂರಿಸುವ ಪಂಜಾದ ಬಡಿತ ನಿಂತುಹೋಯಿತು.

“ನಿಂದಲ್ಲ ಅಂದ್ರ?”

“ಹೆಸರು ನಂದು. ನಕ್ಷತ್ರ ನಂದಲ್ಲ. ನಾ ಹುಟ್ಟಿದ್ದು ಮೂಲಾದಾಗ. ಮೂಲಾ ನಕ್ಷತ್ರದ ಹುಡಿಗಿ ಮಾವಗ ಆಗಿಬರೂದಿಲ್ಲ ಅಂತ ಮೂರು ಕಡೆಯವರು ನೋಡಿ ಬಿಟ್ಟು ಹೋಗಿದ್ರು. ನಾಕನೇದ್ದು ನೀವು. ನಮ್ಮಪ್ಪ ಜೋಯಿಸರ ಮನಿಗೆ ಹೋಗಿ ನನ್ನ ಒಂದು ದಿನ ತಡಾ ಮಾಡಿ ಹುಟ್ಟಿಸಿದ್ರು. ಪೂರ್ವಾಷಾಢಾ ಆತು. ಸಾವಿರ ಸುಳ್ಳು ಹೇಳಿ ಒಂದು ಲಗ್ನ ಮಾಡು ಅಂತಾರ. ಪಾಪ, ನಮ್ಮಪ್ಪ ಒಂದs ಸುಳ್ಳಿನ್ಯಾಗ ಮುಗಿಸಿದ್ರು.”

ಕಾಕಾರ ಗಲ್ಲದ ಮೇಲೆ ನೊರೆ ಇಳಿಯಿತು. ಒರೆಸಿಕೊಳ್ಳಲಿಲ್ಲ. “ಅಂದ್ರ... ನಮ್ಮಪ್ಪಗ...”

“ನಿಮ್ಮಪ್ಪ ತೊಂಬತ್ತೊಂದು ವರ್ಷ ಬಾಳಿದ್ರು. ಹೋಗೂ ದಿನಾನೂ ನಾ ಹಚ್ಚಿದ ಅವಲಕ್ಕಿ ತಿಂದು, ಉಪ್ಪು ಕಡಿಮಿ ಆಗ್ಯದ ಅಂತ ಬೈದು ಹೋದ್ರು.”

ಗೋಡೆಯ ಮೇಲೆ ಜುಲೇಖಾಬಿಯ ತಲೆ ಕಾಣಿಸಿತು. “ಯಾ ಅಲ್ಲಾ! ನಲವತ್ತನಾಕು ವರ್ಷ ಹೊಟ್ಟ್ಯಾಗ ಇಟ್ಕೊಂಡಿದ್ರೇನ್ರಿ ಬಾಯಾರ?”

“ಯಾರೂ ಕೇಳಲಿಲ್ಲ ಜುಲೇಖಾ.”

ಕಾಕಾ ಒಳಗೆ ಹೋದರು. ಟ್ರಂಕಿನ ತಳದಿಂದ ಅರಿಷಿಣ ಹಚ್ಚಿದ ಹಳೆಯ ಜಾತಕ ತೆಗೆದರು. ಪಂಚಾಂಗ, ಪೆನ್ಸಿಲು, ಚಾಳೀಸು. ಮುಕ್ಕಾಲು ತಾಸು ಲೆಕ್ಕ ಹಾಕಿದರು. ಗಣ ನೋಡಿದರು: ಕೂಡಲಿಲ್ಲ. ನಾಡಿ ನೋಡಿದರು: ಒಂದೇ ನಾಡಿ, ದೋಷ. ಅಳಿಸಿ ಮತ್ತೆ ಬರೆದರು. ಪೆನ್ಸಿಲಿನ ಮೊನೆ ಮುರಿಯಿತು. ಪಂಕ್ತಿ ಪಂಕ್ತಿಯಲ್ಲಿ ಹೇಳಿಕೊಂಡು ಬಂದ ಮೂವತ್ತೆರಡು ಹೋಳಿಗೆಯ ತುಪ್ಪದಂತೆ ಕಣ್ಣೆದುರಿಗೇ ಕರಗಿ ಹೋಯಿತು. ಅವರಿಗೆ ಕೋಪ ಬರಬೇಕಾಗಿತ್ತು. ಬಂದದ್ದು ಬೇರೆಯೇ: ಉಪ್ಪು ಕಡಿಮೆಯಾದ ಅವಲಕ್ಕಿಯ ತಟ್ಟೆ ಹಿಡಿದು ಬೈಸಿಕೊಳ್ಳುತ್ತ ನಿಂತ ತುಳಸಾಬಾಯಿಯ ಮುಖ. ಆ ದಿನ ತಾವೂ ಅಲ್ಲೇ ಇದ್ದರು. ಅಪ್ಪನ ಪರವಾಗಿ ಎರಡು ಮಾತು ಸೇರಿಸಿಯೂ ಇದ್ದರು.

ಹೊರಗೆ ಬಂದಾಗ ತುಳಸಾಬಾಯಿ ಬಳ್ಳಿಗೆ ಕೈ ಹಚ್ಚಿರಲಿಲ್ಲ. ಗಿಡದ ಪಕ್ಕ ಕಲ್ಲಿನ ಮೇಲೆ, ಕುಡಗೋಲು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.

“ಹದಿನಾಲ್ಕೂವರೆ,” ಎಂದರು ಕಾಕಾ.

“ಹದಿನೆಂಟಿಲ್ಲ?”

“ಇಲ್ಲ.”

“ಅಂದ್ರ ನಮ್ಮ ಲಗ್ನ ಆಗೂ ಹಂಗs ಇದ್ದಿಲ್ಲ.”

“ಇದ್ದಿಲ್ಲ.”

“ಆಗಿಬಿಟ್ಟದ. ಈಗ ಏನ ಮಾಡೂಣು?”

ಕಾಕಾ ಗಿಡ ನೋಡಿದರು. ಎರಡು ತಿಂಗಳಲ್ಲಿ ಮೊದಲ ಸಲ ಅದಕ್ಕೆ ಮುಖ ಕೊಟ್ಟು ನಿಂತದ್ದು. ಎಲೆಗಳು ಹಳದಿ ತಿರುಗಿದ್ದವು. ಸಿಗಿದ ತೊಗಟೆಯ ಕೆಳಗೆ ಹಸಿ ಬಿಳಿ ಕಾಣುತ್ತಿತ್ತು. ಬಳ್ಳಿ ಕಾಂಡಕ್ಕೆ ಎಷ್ಟು ಬಿಗಿಯಾಗಿ ಸುತ್ತಿತ್ತೆಂದರೆ ಅರಿಷಿಣದ ದಾರ ಎಲ್ಲೋ ಒಳಗೆ ಹುದುಗಿಹೋಗಿತ್ತು.

“ಕುಡಗೋಲು ಕೊಡು ಇಲ್ಲೆ,” ಎಂದರು.

ಬುಡಕ್ಕೆ ಎರಡು ಏಟು ಹಾಕಿ, ಜೋರಾಗಿ ಬಳ್ಳಿ ಎಳೆಯಲು ಹೋದರು. ಗೋಡೆಯ ಮೇಲಿಂದ ಜುಲೇಖಾಬಿ ಚೀರಿದಳು.

“ಜಗ್ಗಬ್ಯಾಡ್ರಿ ಕಾಕಾರ! ಜಗ್ಗಿದ್ರ ಗಿಡಾನೂ ಬರತೈತಿ. ಮೊಳಕ್ಕೊಂದು ತುಂಡ ಮಾಡಿ ಬಿಡ್ರಿ. ನಾಕ ದಿನಾ ಒಣಗಲಿ. ತಾನs ಸಡ್ಲ ಆಗತೈತಿ. ಆಮ್ಯಾಲ ಒಂದೊಂದs ಬಿಚ್ರಿ, ತಪ್ಪಿದ ನೇಯ್ಗಿ ಬಿಚ್ಚಿದಂಗ.”

ಮೂವತ್ತಮೂರು ವರ್ಷ ಬರೀ ಅಪ್ಪಣೆ ಕೊಟ್ಟ ಮನುಷ್ಯ ಐದು ದಿನ ಗೋಡೆಯ ಮೇಲಿನ ಅಪ್ಪಣೆಯಂತೆ ನಡೆದರು. “ಆ ಕಡಿ ಹಿಡೀರಿ. ಅದಲ್ಲರಿ, ಅದು ಗಿಡದ ಟೊಂಗಿ. ಯಾ ಖುದಾ, ಕಣ್ಣ ಐತೋ ಇಲ್ಲೋ!” ತುಂಡು ತುಂಡಾಗಿ ಮಧುಮಾಲತಿ ಕೆಳಗಿಳಿಯಿತು. ಸಿಗಿದ ಕಡೆ ತುಳಸಾಬಾಯಿ ಸಗಣಿ ಮೆತ್ತಿ ಹಳೆಯ ಸೀರೆಯ ಅಂಚು ಸುತ್ತಿದರು. ವಾಲಿದ ಗಿಡಕ್ಕೆ ಊರುಗೋಲು ಕೊಟ್ಟರು. ಮಧುಮಾಲತಿಯ ಬೇರನ್ನು ಎಸೆಯಲು ಕಾಕಾರಿಗೆ ಮನಸ್ಸು ಬರಲಿಲ್ಲ. ಓಣಿಯ ತುದಿಯ ಹಳೆಯ ಬೇವಿನ ಮರದ ಹತ್ತಿರ ನೆಟ್ಟು ಬಂದರು. ಈ ಸಲ ಎರಡು ಮಾರು ದೂರ. “ಇಂಥಾಕಿಗೆ ಇಂಥಾ ಗಂಡs ಬೇಕು,” ಎಂದಳು ಜುಲೇಖಾಬಿ. “ಎಷ್ಟ ಒದರಿದ್ರೂ ಅಲ್ಲಾಡೂದಿಲ್ಲ.”

ಪಾರಿಜಾತ ಬೋಳಾಗಿ ನಿಂತಿತು. ಆ ವರ್ಷ ಮತ್ತೆ ಒಂದು ಹೂವೂ ಬೀಳಲಿಲ್ಲ. ತುಳಸಾಬಾಯಿ ಗಿಂಡಿಯ ಬಾಯಿಗೆ ಬಟ್ಟೆ ಕಟ್ಟಿ ದೇವರ ಮಾಡದಲ್ಲಿ ಇಟ್ಟರು.

“ವ್ರತ ಮುರೀತಲ್ಲ,” ಎಂದು ಕಾಕಾ ತಗ್ಗಿದ ದನಿಯಲ್ಲಿ ಕೇಳಿದರು.

“ಮುರೀಲಿಲ್ಲ, ನಿಂತದ. ದೇವರೇನು ನಿಮ್ಮ ಬಸ್ ಸ್ಟ್ಯಾಂಡಿನ್ಯಾಗ ಕೂತಿಲ್ಲ, ಟೈಮ್ ಆತು ಅಂತ ಎದ್ದು ಹೋಗ್ಲಿಕ್ಕೆ.”

ತುಳಸಿ ಲಗ್ನದ ದಿನ ಇಪ್ಪತ್ತಮೂರು ಜನ ಬಂದೇ ಬಂದರು. ಬರಬೇಡಿ ಎನ್ನಲು ಕಾಕಾರ ಬೆರಳು ಎರಡು ಸಲ ಮೊಬೈಲಿನ ಹತ್ತಿರ ಹೋಗಿ ಹಿಂದೆ ಬಂದಿತ್ತು. ಬಂದವರು ಸೀರೆಯ ಅಂಚು ಸುತ್ತಿಕೊಂಡು ಊರುಗೋಲು ಹಿಡಿದು ನಿಂತ ವರನನ್ನು ನೋಡಿದರು. ವಧು ಇರಲಿಲ್ಲ.

“ಏನಾತ್ರಿ ಕಾಕಾರ?” ಎಂದರು ಮೃಣಾಲಿನಿ.

ಇಲ್ಲಿ ತಪ್ಪೊಪ್ಪಿಕೊಂಡಿದ್ದರೆ ಪ್ರಭಂಜನ ಕಾಕಾ ಸಂತರಾಗುತ್ತಿದ್ದರು. ಅವರು ಕಂಟ್ರೋಲರ್. ಗಂಟಲು ಸರಿಮಾಡಿಕೊಂಡರು.

“ಸೋಡಚೀಟಿ ಆತು, ಇಬ್ಬರೂ ಬ್ಯಾರೆ ಆದ್ರು. ಎರಡು ವರ್ಷ ಪ್ರಯೋಗ ಮಾಡಿ ನಾ ಒಂದು ಹೊಸಾ ಸತ್ಯ ಕಂಡುಹಿಡದೀನಿ. ಮೂವತ್ತಾರು ಗುಣ ಸಾಲೂದಿಲ್ಲ. ಮೂವತ್ತೇಳನೇದು ಒಂದು ಅದ, ಭಾರಗುಣ. ಮೊದಲ ಗಿಡದ ರೆಟ್ಟಿ ನೋಡಬೇಕು, ನಾಕೈದು ವರ್ಷ ಬಲೀಬೇಕು. ಬಳ್ಳಿ ಅದಕಿಂತಾ ಹಗೂರ ಇರಬೇಕು. ಎರಡು ಮಾರು ದೂರ ನೆಟ್ಟು ದಾರ ಕಟ್ಟಿ ಕಳಸಬೇಕು. ವರ್ಷಕ್ಕೊಮ್ಮೆ ಕತ್ತರಿ. ಈ ಗುಣ ಕೂಡಿದ್ರ ಉಳಿದದ್ದು ಕೂಡದಿದ್ರೂ ನಡೀತದ.”

“ಇದು ಯಾವ ಗ್ರಂಥದಾಗ ಅದರಿ?”

“ಎಲ್ಲಾ ಗ್ರಂಥದಾಗ ಇರೂದಿಲ್ಲ ಟೀಚರ್. ಅನುಭವ ಬೇಕು.”

ಎಲ್ಲರೂ ತಲೆದೂಗಿ ಬರೆದುಕೊಂಡರು. ಗೋಡೆಯಾಚೆ ಪಂಜಾದ ಬಡಿತ ಒಂದು ತಾಳ ತಪ್ಪಿ ಮತ್ತೆ ಶುರುವಾಯಿತು. ಮಂದಿ ಹೋದ ಮೇಲೆ ಜುಲೇಖಾಬಿ ಕೇಳಿದಳು: “ಮೂವತ್ತೇಳನೇದು ಭಾಳ ಛಂದ ಐತ್ರಿ ಕಾಕಾರ. ಎಲ್ಲಿಂದ ಬಂತ್ರಿ?”

“ಹೊಳೀತು.”

“ಗೋಡಿ ಮ್ಯಾಲಿಂದ ಹೊಳೀತೇನ್ರಿ?”

ಕಾಕಾ ಕೆಮ್ಮುತ್ತ ಒಳಗೆ ಹೋದರು. ಆ ಸಂಜೆ ಹೋಳಿಗೆಯ ಡಬ್ಬಿಯೊಂದು ಗೋಡೆ ದಾಟಿತು. ಮುಂದೆ ಮಾಘದಲ್ಲಿ ತುಳಸಾಬಾಯಿಯ ಹುಟ್ಟಿದ ದಿನ ಬಂದಾಗ ಮಲ್ಲಿಗೆಯ ದಂಡೆ ಒಂದು ದಿನ ಮೊದಲೇ ಮನೆಗೆ ಬಂತು.

“ನಾಳೆ ಅಲ್ಲೇನ್ರಿ?” ಎಂದರು ತುಳಸಾಬಾಯಿ.

“ನಲವತ್ತನಾಕು ವರ್ಷ ಗಾಡಿ ಒಂದು ದಿನಾ ಲೇಟ್ ಓಡ್ಯದ. ಇವತ್ತಿನಿಂದ ಕರೆಕ್ಟ್ ಟೈಮ್.”

ಬೇಸಿಗೆ ಕಳೆದು ಮುಂಗಾರು ಬಿದ್ದಾಗ ಪಾರಿಜಾತ ಬುಡದಿಂದ ಚಿಗುರಿತು. ನಾಗಪಂಚಮಿಗೆ ಹೂವೂ ಬಂತು. ಮೊದಲಿಗೆ ನೂರು, ಆಮೇಲೆ ಮುನ್ನೂರು, ಚವತಿ ದಾಟಿದ ಮೇಲೆ ಏಳು, ಎಂಟು ನೂರು. ತುಳಸಾಬಾಯಿಯ ಮೊಣಕಾಲು ನೋಯುತ್ತಿದ್ದವೆಂದು ಪಂಚೆಯ ಮುಂದೆ ಈಗ ಕಾಕಾ ಕೂಡುತ್ತಿದ್ದರು. ಎಣಿಕೆ ತಪ್ಪುತ್ತಿತ್ತು. ತಪ್ಪಿದಾಗ ಮೊದಲಿನಿಂದ ಶುರು ಮಾಡಿಸುತ್ತಿದ್ದರು ತುಳಸಾಬಾಯಿ, ಅಂದಾಜು ನಡೆಯುತ್ತಿರಲಿಲ್ಲ. ಕಾರ್ತೀಕ ಹುಣ್ಣಿಮೆಗೆ ಮೂರು ದಿನ ಇರುವಾಗ ಸಾವಿರನೆಯ ಹುಣಸೆಬೀಜ ಗಿಂಡಿಯಲ್ಲಿ ಟಣ್ಣೆಂದಿತು.

ಉದ್ಯಾಪನೆಯ ಊಟಕ್ಕೆ ಓಣಿಯೆಲ್ಲ ಕೂಡಿತ್ತು. ಪಂಕ್ತಿಯಲ್ಲಿ ಮೃಣಾಲಿನಿ ಟೀಚರ್ ಹೊಸದಾಗಿ ಮದುವೆಯಾದ ತಮ್ಮ ತಂಗಿಗೆ ಹೇಳುತ್ತಿದ್ದರು: “ಕಾಕಾ ಕಾಕೂರದು ಎಷ್ಟು ಗುಣ ಕೂಡ್ಯಾವ ಗೊತ್ತೇನು? ಹೇಳ್ರಿ ಕಾಕಾರ.”

ಕಾಕಾ ಬಾಯಿ ತೆರೆದರು. ಮೂವತ್ತೆರಡು ನಾಲಿಗೆಯ ತುದಿಯಲ್ಲೇ ಇತ್ತು. ನಲವತ್ತನಾಲ್ಕು ವರ್ಷದ ರೂಢಿ. ಎದುರಿಗೆ ತುಳಸಾಬಾಯಿ ಪಾಯಸದ ಸೌಟು ಎತ್ತಿ ಹಿಡಿದು ನಿಂತಿದ್ದರು, ಹೊಯ್ಯದೆ.

“ಹದಿನಾಲ್ಕೂವರೆ,” ಎಂದರು ಕಾಕಾ.

ಪಂಕ್ತಿ ಊಟ ಬಿಟ್ಟು ನೋಡಿತು.

“ನಗಬ್ಯಾಡ್ರಿ. ಆ ಹದಿನಾಲ್ಕು ಬಿಡ್ರಿ, ಆ ಅರ್ಧ ಅದ ನೋಡ್ರಿ, ಅದು ಅಗದಿ ಗಟ್ಟಿ.”

ತುಳಸಾಬಾಯಿ ಒಂದು ಸೌಟು ಹೊಯ್ದು, ಮುಂದಿನ ಎಲೆಗೆ ಹೋದವರು ತಿರುಗಿ ಬಂದು ಅರ್ಧ ಸೌಟು ಹೆಚ್ಚಿಗೆ ಹೊಯ್ದರು.